ಒಂದು ಅಗುಳಿನ ಅಂಟು

ಪದ್ಮನಾಭನಗರ
8 ಜೂನ್ 2025

ಚಿ. ಮೇಘಶ್ರೀಗೆ ಆಶೀರ್ವಾದಗಳು.

ನಾನು ನೆನಪಿದ್ದೇನೋ ಇಲ್ಲವೋ. ಹತ್ತನೇ ತರಗತಿಯಲ್ಲಿ ನಿನಗೆ ಕನ್ನಡ ಹೇಳಿಕೊಟ್ಟ ವಾರಿಜಾ ಮಿಸ್. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಾಯಿ ಮಾತ್ರ ಇದ್ದ ಹಾಗೇ ಇದೆ ಎಂದು ನಮ್ಮ ಯಜಮಾನರು ಅನಂತರಾಮು ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ಇದರೊಳಗೆ ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಅದು ನಿನ್ನದೇ. 2015ರಲ್ಲಿ ಶಾಲೆಯವರು ವೃತ್ತಿ ಮಾರ್ಗದರ್ಶನದ ತರಗತಿಯನ್ನು ನನ್ನ ತಲೆಗೆ ಕಟ್ಟಿದ್ದರಲ್ಲ, ಆಗ ನಾನು ಟಿಕ್ ಹಾಕುವ ಪ್ರಶ್ನೆಪತ್ರಿಕೆಯನ್ನು ಪಕ್ಕಕ್ಕಿಟ್ಟು ನಿಮ್ಮ ಕೈಲಿ ಕಥೆ ಬರೆಸಿದೆ. ‘ನನ್ನ ಇಪ್ಪತ್ತೈದನೇ ವಯಸ್ಸಿನ ಒಂದು ಮಂಗಳವಾರ.’ ಭಾನುವಾರ ಯಾಕಲ್ಲ ಮಿಸ್ ಎಂದು ನೀವು ಗಲಾಟೆ ಮಾಡಿದಿರಿ. ಭಾನುವಾರ ಎಲ್ಲ ಕೆಲಸದವರೂ ಒಂದೇ ಥರ ಇರುತ್ತಾರೆ, ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬುದು ಮಂಗಳವಾರ ಗೊತ್ತಾಗುತ್ತದೆ ಎಂದಿದ್ದೆ. ಕೊನೆಯ ದಿನ, ಹತ್ತು ವರ್ಷ ಬಿಟ್ಟು ಓದಿಕೊಳ್ಳಲು ನಿಮಗೆ ನೀವೇ ಕಾಗದ ಬರೆದು ಅಂಟಿಸಿ ನನ್ನ ಕೈಗೆ ಕೊಟ್ಟಿರಿ. ಮೂವತ್ತೆಂಟು ಲಕೋಟೆ. ನಮ್ಮ ಬೀರುವಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಉಳಿದವರಿಗೆಲ್ಲ ಫೆಬ್ರವರಿಯಲ್ಲೇ ಕಳಿಸಿದೆ. ನಿನ್ನದು ನಾಲ್ಕು ತಿಂಗಳು ತಡವಾಯಿತು.

ನಿನ್ನ ಲಕೋಟೆಯ ಮೇಲೆ ನೀನು ಬರೆದಿದ್ದದ್ದು ಜರಗನಹಳ್ಳಿಯಲ್ಲಿರುವ ನಿಮ್ಮ ತಂದೆಯವರ ಬಣ್ಣದ ಅಂಗಡಿಯ ವಿಳಾಸ. ಈಗ ನೀನು ಅಲ್ಲಿಲ್ಲವಲ್ಲ. ಯುಗಾದಿಗೆ ಅವರು ಬಂದಾಗ ಕೊಟ್ಟುಹೋದ ನಿನ್ನ ಕ್ಲಿನಿಕ್ಕಿನ ಕಾರ್ಡ್ ನೋಡಿ ಅಲ್ಲಿಗೇ ಕಳಿಸುತ್ತಿದ್ದೇನೆ. ‘ನಮ್ಮ ಡಾಕ್ಟ್ರಮ್ಮ’ ಎಂದು ಅದೆಷ್ಟು ಹೆಮ್ಮೆ ಅವರಿಗೆ.

ಇನ್ನೊಂದು ವಿಷಯ. ಸೆಪ್ಟೆಂಬರಿನಲ್ಲಿ ಜಯನಗರದಲ್ಲಿ ಶಿಕ್ಷಕರ ಶಿಬಿರವೊಂದಿದೆ. ಕಥೆ ಬರೆಸಿ ಮಕ್ಕಳ ಮನಸ್ಸಿನಲ್ಲಿರುವ ಕೆಲಸವನ್ನು ಕಂಡುಹಿಡಿಯುವುದು ಹೇಗೆಂದು ನಾನು ಮಾತಾಡಬೇಕಂತೆ. ಇಷ್ಟು ವರ್ಷ ಎಲ್ಲ ಕಡೆ ನಿನ್ನ ಉದಾಹರಣೆಯನ್ನೇ ಕೊಟ್ಟಿದ್ದೇನೆ, ನಿನ್ನನ್ನು ಒಂದು ಮಾತೂ ಕೇಳದೆ. ಈ ಸಲವಾದರೂ ಕೇಳೋಣ ಅನ್ನಿಸಿತು. ಹೇಳಬಹುದೇ?

ಇಂತಿ ನಿನ್ನ ಮಿಸ್,
ವಾರಿಜಾ


ಬಿಟಿಎಂ ಲೇಔಟ್
22 ಜೂನ್ 2025

ವಾರಿಜಾ ಮಿಸ್‌ಗೆ ನಮಸ್ಕಾರಗಳು.

ನಿಮ್ಮನ್ನು ಮರೆಯುವುದುಂಟೇ? ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿರುವ ಶಿಲ್ಪಶ್ರೀ ಲಕೋಟೆ ತಂದು ಕೊಡುವಾಗ, ‘ಡಾಕ್ಟ್ರೇ, ಈ ಕಾಲ್ದಲ್ಲೂ ಕೈಯಲ್ಲಿ ಕಾಗ್ದ ಬರೆಯೋರು ಇದಾರಾ?’ ಎಂದಳು. ಮೇಲಿದ್ದ ಅಕ್ಷರ ನೋಡಿಯೇ ನೀವೆಂದು ಗೊತ್ತಾಯಿತು. ಒಂದು ರೂಟ್ ಕೆನಾಲ್ ಮುಗಿಸಿ, ಇನ್ನೊಂದು ಶುರು ಮಾಡುವ ಮುಂಚೆ ನನ್ನ ಹಳೆಯ ಕಾಗದವನ್ನು ನಿಂತುಕೊಂಡೇ ಓದಿದೆ. ನಿಮಗೂ ತೋರಿಸಬೇಕೆನ್ನಿಸಿತು. ಅದಕ್ಕೇ ಇಲ್ಲಿ ಇಳಿಸಿದ್ದೇನೆ:

“ಇಪ್ಪತ್ತೈದು ವರ್ಷದ ಮೇಘಶ್ರೀ ಮೇಡಂಗೆ ನಮಸ್ಕಾರ. ನೀವು ಈಗ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಂತಿದ್ದೀರಿ ಎಂದುಕೊಂಡಿದ್ದೇನೆ. ಕ್ಲಾಸಿನಲ್ಲಿ ನಾನು ಡಾಕ್ಟರ್ ಕಥೆ ಬರೆದೆ. ಅದು ಸುಳ್ಳು. ಡಾಕ್ಟರ್ ಅಂದರೆ ಅಪ್ಪನಿಗೆ ಇಷ್ಟ. ಆದರೆ ಅಪ್ಪ ಯಾರಾದರೂ ತಂದ ಬಟ್ಟೆ ಚೂರನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡಿ, ಅದೇ ಬಣ್ಣ ಕಲಸಿ ಕೊಡುತ್ತಾರಲ್ಲ, ನನಗೆ ಅದು ಬೇಕು. ಮೂರು ಸಲ ನಾನೇ ಕಲಸಿದ್ದೇನೆ. ಮೂರು ಸಲವೂ ಸರಿಯಾಗಿ ಬಂತು. ಅಪ್ಪನಿಗೆ ಹೇಳಲು ಭಯ. ವಾರಿಜಾ ಮಿಸ್ ಹೇಳಿದರೆ ಅಪ್ಪ ಕೇಳುತ್ತಾರೆ. ಮಿಸ್ ಈ ಕಾಗದ ಒಡೆದು ಓದಿಬಿಟ್ಟರೆ ಚೆನ್ನಾಗಿರುತ್ತೆ. ಇತಿ, ಹದಿನೈದು ವರ್ಷದ ಮೇಘಶ್ರೀ.”

ಓದಿ ನಗು ಬಂತು. ಆಮೇಲೆ ಲಕೋಟೆಯನ್ನು ತಿರುಗಿಸಿ ನೋಡಿದೆ.

ಮಿಸ್, ಅವತ್ತು ನೀವು ಗೋಂದಿನ ಬಾಟಲಿಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದಿರಿ. ನಾನು ತೆಗೆದುಕೊಳ್ಳಲಿಲ್ಲ. ಊಟದ ಡಬ್ಬಿಯಿಂದ ಒಂದೇ ಒಂದು ಅನ್ನದ ಅಗುಳು ತೆಗೆದು, ಲಕೋಟೆಯ ತುದಿಯಲ್ಲಿಟ್ಟು ಒತ್ತಿದೆ. ಉಗುರು ತಾಗಿದರೂ ಬಿಟ್ಟುಕೊಳ್ಳಬೇಕು ಎಂದೇ ಹಾಗೆ ಮಾಡಿದ್ದು. ಈಗ ನನ್ನ ಕೈಗೆ ಬಂದ ಲಕೋಟೆ ಈ ತುದಿಯಿಂದ ಆ ತುದಿವರೆಗೆ ಫೆವಿಕಾಲ್ ಹಾಕಿ ಅಂಟಿಸಿದ್ದು. ಕತ್ತರಿ ತಗೊಂಡು ಕತ್ತರಿಸಬೇಕಾಯಿತು.

ಮಿಸ್, ನೀವು ಓದಿದ್ರಾ?

ಉದಾಹರಣೆಯ ವಿಷಯ ಆಮೇಲೆ ಹೇಳುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಮೇಘಶ್ರೀ


ಪದ್ಮನಾಭನಗರ
30 ಜೂನ್ 2025

ಮೇಘಶ್ರೀ,

ಓದಿದೆ.

ಈ ಒಂದು ಪದ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಮೊದಲು ‘ಡಬ್ಬಿಯಲ್ಲಿ ತಾನಾಗಿ ಬಿಟ್ಟುಕೊಂಡಿತ್ತು, ಅದಕ್ಕೇ ಅಂಟಿಸಿದೆ’ ಎಂದು ಒಂದು ಪುಟ ಬರೆದೆ. ಅನಂತರಾಮು ಅದನ್ನು ಓದಿ, ‘ಇನ್ನೂ ಎಷ್ಟು ಅಂಟಿಸ್ತೀಯೇ?’ ಎಂದರು. ಹರಿದು ಹಾಕಿದೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. 2015ರ ಮಾರ್ಚ್, ನಿಮಗೆ ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ನಿಮ್ಮ ತಂದೆ ಸೋಮಲಿಂಗಪ್ಪನವರು ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ‘ಮಿಸ್, ಮೇಘ ಏನ್ ಕೇಳಿದ್ರೂ ಬಾಯ್ ಬಿಡಲ್ಲ. ನೀವು ಏನೇನೋ ಬರೆಸ್ತಿದೀರಂತಲ್ಲ, ಅದ್ರಲ್ಲಿ ಏನಾದ್ರೂ ಗೊತ್ತಾಯ್ತಾ?’ ಎಂದರು. ಆಮೇಲೆ, ‘ಅಂಗ್ಡಿ ಮೇಲೆ ಏನಾದ್ರೂ ಮನಸ್ಸಿದ್ಯಾ ಅವಳಿಗೆ? ನಾನೇ ಕೇಳಿದ್ರೆ ಒತ್ತಾಯ ಮಾಡ್ದಂಗಾಗತ್ತೆ’ ಎಂದರು. ನೋಡಿ ಹೇಳ್ತೀನಿ ಎಂದು ಕಳಿಸಿದೆ.

ಡಬ್ಬಿ ತೆಗೆದೆ. ‘ಬೇಡ ಕಣೇ, ಮಕ್ಕಳಿಗೆ ಮಾತು ಕೊಟ್ಟಿದೀಯ’ ಎಂದು ಅನಂತರಾಮು ಎರಡು ಸಲ ಹೇಳಿದರು. ನೀನು ಹೇಳಿದ ಹಾಗೇ ಆಯಿತು, ಉಗುರು ತಾಗಿದ್ದೇ ಬಿಟ್ಟುಕೊಂಡಿತು. ಕೊನೆಯ ಸಾಲನ್ನೂ ಓದಿದೆ, ಮೇಘಶ್ರೀ. ನಾನು ಓದಲಿ ಎಂದು ನೀನು ಬರೆದ ಸಾಲನ್ನೇ ಓದಿದೆ.

ಓದಿದ್ದು ಒಂದು ತಪ್ಪು. ಓದಿದ ಮೇಲೆ ಮಾಡಿದ್ದಕ್ಕೆ ಏನೆನ್ನಬೇಕೋ ನನಗೆ ತಿಳಿಯುವುದಿಲ್ಲ. ಆ ವರ್ಷ ಆಡಳಿತ ಮಂಡಳಿಯವರು ನನ್ನನ್ನು ಕರೆದು, ‘ಕಥೆ ಬರೆಸಿದ್ರೆ ಕೆರಿಯರ್ ಆಗತ್ತಾ ಮೇಡಂ?’ ಎಂದು ನಕ್ಕಿದ್ದರು. ಅವರ ಮುಂದೆ ಇಡಲು ನನಗೆ ಒಬ್ಬ ಡಾಕ್ಟರ್ ಬೇಕಾಗಿತ್ತು. ತರಗತಿಗೆ ಮೊದಲನೆಯವಳಾದ ಹುಡುಗಿ, ನನ್ನ ಬರವಣಿಗೆಯ ತರಗತಿ ಮುಗಿಸಿ, ಜರಗನಹಳ್ಳಿಯ ಬಣ್ಣದ ಅಂಗಡಿಯಲ್ಲಿ ಕೂರುತ್ತೇನೆ ಎಂದರೆ ನನ್ನ ಮರ್ಯಾದೆ ಏನಾಗಬೇಕು? ಹೀಗೆ ಯೋಚಿಸಿದೆ. ನಿನ್ನ ಒಳ್ಳೆಯದಕ್ಕೇ ಎಂದು ಮೇಲೊಂದು ಹೊದಿಕೆಯನ್ನೂ ಹೊದಿಸಿದೆ. ಮಾರನೆಯ ದಿನ ನಿಮ್ಮ ತಂದೆಗೆ ಫೋನ್ ಮಾಡಿ, ‘ಅಂಗಡಿ ಮೇಲೆ ಅವಳಿಗೆ ಮನಸ್ಸಿಲ್ಲ ಸೋಮಲಿಂಗಪ್ಪನವರೇ, ಸೈನ್ಸ್ ಕೊಡಿಸಿ’ ಎಂದೆ. ಅವರು ‘ಹೌದಾ ಮಿಸ್’ ಎಂದರು. ಅಷ್ಟೇ.

ನಿನ್ನ ಮಂಗಳವಾರದ ಕಥೆ ಈಗಲೂ ನನ್ನ ಹತ್ತಿರ ಇದೆ. ಡಾಕ್ಟರಮ್ಮ ವಾರ್ಡಿಗೆ ಬರುತ್ತಾಳೆ. ರೋಗಿಯ ಬಗ್ಗೆ ಎರಡು ಸಾಲು. ವಾರ್ಡಿನ ಗೋಡೆಗೆ ಯಾವ ಹಸಿರು ಹೊಡೆದಿದ್ದಾರೆ, ಅದು ಮಧ್ಯಾಹ್ನ ಹೇಗೆ ಕಾಣುತ್ತದೆ, ಟ್ಯೂಬ್‌ಲೈಟಿನಲ್ಲಿ ಹೇಗೆ ಕಾಣುತ್ತದೆ ಎಂದು ಹನ್ನೊಂದು ಸಾಲು. ಲಕೋಟೆ ಒಡೆಯುವ ಅಗತ್ಯವೇ ಇರಲಿಲ್ಲ. ನೀನು ಎದುರಿಗೇ ಬರೆದುಕೊಟ್ಟಿದ್ದೆ. ‘ಆಸ್ಪತ್ರೆಯ ವಾತಾವರಣದಲ್ಲಿ ವಿಶೇಷ ಆಸಕ್ತಿ’ ಎಂದು ನಾನು ವರದಿ ಬರೆದೆ.

ಆ ಏಪ್ರಿಲ್‌ನಲ್ಲಿ ನಿಮ್ಮ ತಂದೆ ಬಂದು, ನಮ್ಮ ಮಗಳಿಗೆ ದಾರಿ ತೋರಿಸಿದೋರು ಅಂತ ಹೇಳಿ, ಬೇಡವೆಂದರೂ ಕೇಳದೆ ನಮ್ಮ ಮನೆಗೆ ಬಣ್ಣ ಹೊಡೆಸಿದರು. ನನ್ನ ರೇಷ್ಮೆ ರವಿಕೆಯ ತುಂಡೊಂದನ್ನು ಒಯ್ದು ಅದೇ ತಿಳಿ ಅರಿಶಿನ ಕಲಸಿ ತಂದರು. ಹತ್ತು ವರ್ಷದಿಂದ ಆ ಗೋಡೆಗಳ ನಡುವೆಯೇ ಊಟ ಮಾಡುತ್ತಿದ್ದೇನೆ. ಸುಳ್ಳಿಗೆ ಸಿಕ್ಕಿದ ಉಡುಗೊರೆ.

ಶಿಬಿರಕ್ಕೆ ಬರುವುದಿಲ್ಲವೆಂದು ಹೇಳಿಬಿಡುತ್ತೇನೆ. ನಿಮ್ಮ ತಂದೆಗೆ ಇದನ್ನು ಹೇಳುವುದೋ ಬೇಡವೋ ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ.

ವಾರಿಜಾ


ಬಿಟಿಎಂ ಲೇಔಟ್
17 ಆಗಸ್ಟ್ 2025

ಮಿಸ್,

ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ.

ನೀವು ಒಡೆದದ್ದಕ್ಕೆ ನನಗೆ ಕೋಪವಿಲ್ಲ. ಒಡೆಯಲಿ ಎಂದೇ ಅಗುಳಿನಲ್ಲಿ ಅಂಟಿಸಿದ್ದು. ಆ ಮಾರ್ಚ್‌ ತಿಂಗಳೆಲ್ಲ ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಇವತ್ತು ಓದಿರಬಹುದು, ಇವತ್ತು ಕರೆಯಬಹುದು ಎಂದುಕೊಂಡು. ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ, ‘ಸೈನ್ಸ್ ತಾನೇ ತಗೋತಿರೋದು?’ ಎಂದಿರಿ. ‘ಹೂಂ ಮಿಸ್’ ಎಂದೆ. ಪಾಪ, ಮಿಸ್‌ಗೆ ಗೊತ್ತಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ, ಒಡೆದಿಲ್ಲ ಎಂದುಕೊಂಡೆ. ಅಷ್ಟು ಪ್ರಾಮಾಣಿಕರ ಹತ್ತಿರ ಕಳ್ಳಾಟ ಆಡಿದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಅಂಗಡಿಯ ಆಸೆ ಬಿಟ್ಟೆ, ಮಿಸ್. ಆಮೇಲೆ ಎಲ್ಲಿ ಮೋಸದವರನ್ನು ಕಂಡರೂ, ಒಂದಗುಳು ಕೀಳದೆ ಹತ್ತು ವರ್ಷ ಕಾಗದ ಕಾಯುತ್ತಿರುವವರು ಒಬ್ಬರಿದ್ದಾರೆ ಎಂದು ನಿಮ್ಮನ್ನೇ ನೆನೆಸಿಕೊಳ್ಳುತ್ತಿದ್ದೆ. ಈಗ ನೆನೆಸಿಕೊಳ್ಳಲು ಅವರೂ ಇಲ್ಲ.

2019ರಲ್ಲಿ ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ, ಅಂಗಡಿಯನ್ನು ನಮ್ಮ ದೊಡ್ಡಪ್ಪನ ಮಗ ಸೋಮನಾಥಣ್ಣನಿಗೆ ಒಪ್ಪಿಸಿದರು. ಕೀ ಕೊಡುವ ಮುಂಚೆ ನನ್ನ ಕಡೆ ತಿರುಗಿ, ‘ನಿಂಗೆ ಬೇಡವಲ್ಲಮ್ಮಾ’ ಎಂದರು. ಅಪ್ಪನಿಗೆ ನಾನು ಡಾಕ್ಟರಾಗಿಯೇ ಬೇಕು ಎಂದುಕೊಂಡು ತಲೆಯಾಡಿಸಿದೆ. ಅವರು ಅದನ್ನು ಪ್ರಶ್ನೆಯಾಗಿ ಕೇಳಿದ್ದರು ಎಂದು ಈಗ, ನಿಮ್ಮ ಕಾಗದದಿಂದ ಗೊತ್ತಾಗುತ್ತಿದೆ. ಸೋಮನಾಥಣ್ಣನ ಸಂಸಾರ ಅದರಲ್ಲೇ ನಡೆಯುತ್ತಿದೆ, ಅದನ್ನು ವಾಪಸು ಕೇಳುವ ಹಾಗಿಲ್ಲ. ಕೇಳುವುದೂ ಇಲ್ಲ.

ನಾನು ಕೆಟ್ಟ ಡಾಕ್ಟರಲ್ಲ. ಕೃತಕ ಹಲ್ಲು ಕೂರಿಸುವಾಗ ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಬೇಕಲ್ಲ, ಅದಕ್ಕೆ ಬೇರೆ ಡಾಕ್ಟರುಗಳೂ ನನ್ನನ್ನೇ ಕರೆಯುತ್ತಾರೆ. ಪೇಶೆಂಟನ್ನು ಕಿಟಕಿಯ ಹತ್ತಿರ ಬೆಳಕಿಗೆ ನಿಲ್ಲಿಸಿ ನೋಡುತ್ತೇನೆ. ದಿನದಲ್ಲಿ ಅದೊಂದು ಕೆಲಸಕ್ಕೆ ಕಾಯುತ್ತಿರುತ್ತೇನೆ.

ಅಪ್ಪನಿಗೆ ಹೇಳುವುದನ್ನು ನನಗೆ ಬಿಡಬೇಡಿ. ಸುಳ್ಳು ಹೇಳಿದವರು ನೀವು, ಹೋಗಿ ನೀವೇ ಹೇಳಿ. ಫೋನಿನಲ್ಲಲ್ಲ, ಎದುರಿಗೆ ಕೂತು. ನನ್ನ ಹಳೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ ಹೇಳಿ. ಮಗಳಿಗೆ ತಾನು ಮಾಡುವ ಕೆಲಸ ಬೇಡವಾಗಿತ್ತು ಎಂದು ಅವರು ಹತ್ತು ವರ್ಷದಿಂದ ನಂಬಿದ್ದಾರೆ. ಅದು ಹೋಗಬೇಕು. ನನಗೆ ಬೇಕಾದ್ದು ಅಷ್ಟೇ.

ಶಿಬಿರಕ್ಕೂ ಹೋಗಿ. ನನ್ನ ಉದಾಹರಣೆಯನ್ನೇ ಕೊಡಿ. ಪೂರ್ತಿ ಕೊಡಿ.

ಮೇಘಶ್ರೀ


ಪದ್ಮನಾಭನಗರ
14 ಸೆಪ್ಟೆಂಬರ್ 2025

ಮೇಘಶ್ರೀ,

ಎರಡೂ ಕಡೆ ಹೋಗಿ ಬಂದೆ.

ಮೊದಲು ಶಿಬಿರದ ಮಾತು, ಅದು ಸುಲಭ. ಎಪ್ಪತ್ತು ಜನ ಶಿಕ್ಷಕರ ಮುಂದೆ ನಿನ್ನ ಹನ್ನೊಂದು ಸಾಲು ಓದಿದೆ, ಆಮೇಲೆ ನನ್ನ ವರದಿ ಓದಿದೆ. ಮೊದಲು ನಕ್ಕರು. ಆಮೇಲೆ ಉಳಿದದ್ದನ್ನು ಹೇಳಿದೆ, ಯಾರೂ ನಗಲಿಲ್ಲ. ಚೂಡಾಮಣಿ ಎಂಬ ಚಿಕ್ಕ ವಯಸ್ಸಿನ ಟೀಚರ್ ಎದ್ದು, ‘ಹಾಗಾದ್ರೆ ಕಥೆ ಬರೆಸೋದನ್ನ ಬಿಟ್ಟುಬಿಡೋದಾ ಮೇಡಂ?’ ಎಂದಳು. ಬಿಡಬೇಡಿ ಎಂದೆ. ಆ ಹುಡುಗಿ ಸರಿಯಾಗಿಯೇ ಬರೆದಿದ್ದಳು, ನಾನು ನನಗೆ ಬೇಕಾದ್ದನ್ನು ಓದಿಕೊಂಡೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಇದನ್ನ ಯಾಕೆ ಇಷ್ಟು ಬರೆದೆ?’ ಎಂದು ಕೇಳಿದ್ದರೆ ಸಾಕಾಗಿತ್ತು ಎಂದೆ. ಹಾಗೆ ಒಂದು ಪ್ರಶ್ನೆಯನ್ನೂ ನಿನಗೆ ನಾನು ಕೇಳಿರಲಿಲ್ಲ, ಅಲ್ಲವೇ?

ಜರಗನಹಳ್ಳಿಗೆ ಹೋದ ಭಾನುವಾರ ಹೋದೆ. ಅನಂತರಾಮು ಜೊತೆಗೆ ಬರುತ್ತೇನೆಂದರು. ಬೇಡವೆಂದು ಬಸ್ಸಿನಲ್ಲಿ ಒಬ್ಬಳೇ ಹೋದೆ. ನಿಮ್ಮ ತಾಯಿ ಸಿದ್ದಗಂಗಮ್ಮನವರು, ‘ಮಿಸ್ಸು ಬಂದ್ರು, ಮಿಸ್ಸು’ ಎಂದು ಒಳಗೆ ಓಡಿ ಕಾಫಿಗಿಟ್ಟರು. ಮೇಘ ಚೆನ್ನಾಗಿದಾಳಾ ಎಂದು ನನ್ನನ್ನೇ ಕೇಳಿದರು. ಕಾಫಿ ಕೈಯಲ್ಲಿ ಹಿಡಿದುಕೊಂಡು ಇವರಿಗೆ ಹೇಳುವುದು ಹೇಗೆ ಎಂದು ಅದನ್ನು ಕೆಳಗಿಟ್ಟೆ. ಆಮೇಲೆ ನಿನಗೆ ಬರೆದ ಹಾಗೇ ಎಲ್ಲ ಹೇಳಿದೆ.

ನಿಮ್ಮ ತಂದೆಯ ಮುಂದೆ ಕಾಗದ ಹಿಡಿದಾಗ, ‘ನೀವೇ ಓದಿ ಮಿಸ್, ಕನ್ನಡಕ ಇಲ್ಲ’ ಎಂದರು. ಕನ್ನಡಕ ಅವರ ಜೇಬಿನಲ್ಲೇ ಇತ್ತು. ಓದಿದೆ. ‘ವಾರಿಜಾ ಮಿಸ್ ಹೇಳಿದರೆ ಅಪ್ಪ ಕೇಳುತ್ತಾರೆ’ ಎಂಬಲ್ಲಿ ಓದಲಾಗದೆ ನಿಂತೆ. ಅವರು ಕಾದರು. ಕೊನೆಯವರೆಗೆ ಓದಿ ಮುಗಿಸುವ ತನಕ ಕಾದರು.

ಆಮೇಲೆ ಕಾಗದ ಇಸಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದರು. ಕನ್ನಡಕ ಹಾಕಿಕೊಂಡು ತಾವೇ ಇನ್ನೊಮ್ಮೆ ಓದಿದರು. ‘ಮೂರು ಸಲ ಅಂತ ಬರ್ದಿದಾಳೆ’ ಎಂದರು. ‘ನಾಕು ಸಲ.’

ನನಗೆ ಅರ್ಥವಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಒಳಗೆ ಸಿದ್ದಗಂಗಮ್ಮನವರು ಅಳುತ್ತಿದ್ದರು. ತಪ್ಪಾಯಿತು ಎಂದು ಕೈ ಮುಗಿದೆ. ನಿಮ್ಮ ತಂದೆ, ‘ನೀವು ಹೇಳಿದ್ರಿ ಅಂತ ನಾನೂ ಅವಳನ್ನ ಒಂದು ಮಾತು ಕೇಳ್ಲಿಲ್ಲ ಮಿಸ್. ಡಾಕ್ಟ್ರು ಅಂತೀರಲ್ಲ, ನಂಗೂ ಬೇಕಾಗಿತ್ತೇನೋ ಅದು’ ಎಂದರು. ಇಷ್ಟು ವರ್ಷ ನಾನು ಹೋದಾಗಲೆಲ್ಲ ಗೇಟಿನ ತನಕ ಬಂದು ಕಳಿಸುತ್ತಿದ್ದವರು ಅವತ್ತು ಕೂತಲ್ಲೇ, ‘ಹೋಗ್ಬನ್ನಿ’ ಎಂದರು. ಅವರು ಬೈದಿದ್ದರೆ ಬಸ್ಸಿನಲ್ಲಿ ಸ್ವಲ್ಪ ನೆಮ್ಮದಿಯಾಗಿ ಕೂರುತ್ತಿದ್ದೆನೋ ಏನೋ.

ದಸರೆಗೆ ಮುಂಚೆ ನಮ್ಮ ಮನೆಗೆ ಬಿಳಿ ಬಣ್ಣ ಹೊಡೆಸೋಣ ಎಂದಿದ್ದೇನೆ. ಆ ಅರಿಶಿನದ ಗೋಡೆಯನ್ನು ದಿನಾ ನೋಡಿಕೊಂಡಿರಲು ಇನ್ನು ನನ್ನ ಕೈಲಾಗುವುದಿಲ್ಲ.

ವಾರಿಜಾ


ಜರಗನಹಳ್ಳಿ
28 ಸೆಪ್ಟೆಂಬರ್ 2025

ಮಿಸ್‌ಗೆ ನಮಸ್ಕಾರಗಳು.

ನೀವು ಬಂದುಹೋದ ಮೇಲೆ ಅಪ್ಪ ನನಗೆ ಫೋನ್ ಮಾಡಲಿಲ್ಲ. ಮುಂದಿನ ಭಾನುವಾರ ಮನೆಗೆ ಬಂದಾಗಲೂ ಆ ವಿಷಯ ಎತ್ತಲಿಲ್ಲ. ಊಟ ಮಾಡುವಾಗ ಅಮ್ಮ ಏನೋ ಹೇಳಲು ಹೋದರೆ, ‘ಸಾಂಬಾರ್ ಹಾಕು’ ಎಂದರು.

ಇವತ್ತು ಬೆಳಿಗ್ಗೆ ಹತ್ತಕ್ಕೆ, ‘ಬಾ, ಅಂಗ್ಡಿಗ್ ಹೋಗ್ಬರಣ’ ಎಂದರು. ಹಬ್ಬದ ಗಿರಾಕಿ, ಜನವೋ ಜನ. ಸೋಮನಾಥಣ್ಣ ಈಗ ಬಣ್ಣ ಬೆರೆಸುವ ಮಷಿನ್ ಇಟ್ಟಿದ್ದಾನೆ, ನಂಬರ್ ಒತ್ತಿದರೆ ಮುಗಿಯಿತು. ಅಪ್ಪ ಹಿಂದಿನ ಕೋಣೆಯಿಂದ ಹಳೆಯ ಡಬ್ಬಿಗಳನ್ನು ತೆಗೆಸಿದರು. ಅಮ್ಮನ ಸೀರೆಯ ಒಂದು ತುಂಡು ಜೇಬಿನಲ್ಲೇ ತಂದಿದ್ದರು, ನೇರಳೆ ಬಣ್ಣದ್ದು. ನನ್ನ ಕೈಗೆ ಕೊಟ್ಟು, ‘ಕಲಸು’ ಎಂದರು.

ಕಲಸಿದೆ. ಹಲಗೆಯ ಮೇಲೆ ಹಚ್ಚಿ, ಒಣಗಿಸಿ, ಹೊರಗೆ ತಂದು ತುಂಡಿನ ಪಕ್ಕದಲ್ಲಿ ಹಿಡಿದೆ. ಬಂದಿರಲಿಲ್ಲ ಮಿಸ್. ಕೆಂಪು ಜಾಸ್ತಿಯಾಗಿತ್ತು, ದೂರದಿಂದಲೇ ಗೊತ್ತಾಗುವಷ್ಟು. ಕೈ ಮರೆತುಬಿಟ್ಟಿದೆ. ಅಪ್ಪ ಎರಡನ್ನೂ ತುಂಬ ಹೊತ್ತು ನೋಡಿದರು. ಆಮೇಲೆ, ‘ಬೆಳಕು ಸಾಲ್ದು’ ಎಂದರು. ನೆತ್ತಿಯ ಮೇಲೆ ಸುಡು ಬಿಸಿಲಿತ್ತು. ಅಲ್ಲೇ ರಸ್ತೆಯ ಬದಿಯಲ್ಲಿ ಅತ್ತುಬಿಟ್ಟೆ. ಅವರೂ ಮುಖ ಆ ಕಡೆ ತಿರುಗಿಸಿಕೊಂಡರು.

ಇನ್ನು ಮೇಲೆ ಭಾನುವಾರ ಅಂಗಡಿಗೆ ಬಾ ಎಂದು ಸೋಮನಾಥಣ್ಣ ಹೇಳಿದ್ದಾನೆ. ಬರುತ್ತೇನೆ. ನನ್ನ ಮಂಗಳವಾರ ಮಾತ್ರ ಕ್ಲಿನಿಕ್ಕಿನದೇ. ಅದು ಇನ್ನು ಬದಲಾಗುವುದಿಲ್ಲ, ಮತ್ತು ಅದಕ್ಕಾಗಿ ನಿಮ್ಮ ಮೇಲಿರುವ ಕೋಪವೂ ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಅದು ಇನ್ನೊಂದು ಡಾಕ್ಟರ್ ಕಥೆಯಾಗುತ್ತದೆ.

ವಾಪಸು ಬರುವಾಗ, ಮಿಸ್ ಮನೆಗೆ ಬಿಳಿ ಬಣ್ಣ ಹೊಡೆಸ್ತಾರಂತೆ ಎಂದೆ. ಅಪ್ಪ ನಡೆಯುವುದನ್ನು ನಿಲ್ಲಿಸಿ, ‘ಬೇಡ ಅನ್ನು’ ಎಂದರು.

ನಿಮಗೆ ಹೇಳಿರಲಿಲ್ಲ. ಅಪ್ಪನೂ ಹೇಳಿರಲಿಲ್ಲವಂತೆ. ಕಾಗದ ಬರೆದಾಗ ಫೆಬ್ರವರಿ, ಆಗ ಮೂರೇ ಸಲ. ಏಪ್ರಿಲ್‌ನಲ್ಲಿ ನಿಮ್ಮ ರವಿಕೆಯ ತುಂಡನ್ನು ಅಪ್ಪ ನನ್ನ ಕೈಗೆ ಕೊಟ್ಟು, ‘ನಿಮ್ ಮಿಸ್ಸಿಂದು, ನೀನೇ ಕಲಸು’ ಎಂದಿದ್ದರು. ಅಂಗಡಿ ನನಗೆ ಬೇಡವೆಂದು ನೀವು ಹೇಳಿದ ಮೇಲೂ ಒಂದು ಸಲ ನೋಡೋಣ ಎಂದು ಕೊಟ್ಟಿದ್ದಿರಬೇಕು. ನಿಮಗೆ ಹೋಗುವುದೆಂದು ನಾನು ಮೂರು ದಿನ ಕೂತು ಕಲಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದಿತ್ತು. ನಾಲ್ಕನೆಯದು ಅದು. ನಾನು ಕಲಸಿದ್ದರಲ್ಲಿ ಈಗ ಗೋಡೆಯ ಮೇಲೆ ಉಳಿದಿರುವುದು ಅದೊಂದೇ.

ಬಿಳಿ ಹೊಡೆಸಬೇಡಿ, ಮಿಸ್. ನೋಡಲು ಕಷ್ಟವಾದರೂ ಹಾಗೇ ಇರಲಿ.

ಮೇಘಶ್ರೀ